ಅಮೆರಿಕದ ಕ್ಯಾಂಪಸ್ ಪಾರ್ಟಿಗಳು ಮತ್ತು ಲೈಂಗಿಕ ದೌರ್ಜನ್ಯ: ಕಾನೂನು ತಲುಪಿದ್ದೆಲ್ಲಿ, ತಲುಪದೆ ಉಳಿದದ್ದೆಲ್ಲಿ

ಅಮೆರಿಕದ ಕಾಲೇಜುಗಳಲ್ಲಿ ಲೈಂಗಿಕ ದೌರ್ಜನ್ಯದ ದೂರು ಬಂದರೆ ಅದನ್ನು ವಿಚಾರಿಸುವುದು ಹೇಗೆ ಎಂಬ ನಿಯಮ 2011ರಿಂದ ಈಚೆಗೆ ಐದು ಸಲ ಮಗ್ಗುಲು ಬದಲಿಸಿದೆ. ಅಕ್ಕ ಓದಿದ ಕಾಲೇಜಿಗೇ ತಂಗಿ ಸೇರಿದರೂ ಇಬ್ಬರಿಗೂ ಒಂದೇ ನಿಯಮ ಅನ್ವಯವಾಗುತ್ತದೆ ಎನ್ನುವಂತಿಲ್ಲ. ಸುದ್ದಿಯಲ್ಲಿ ಕಾಣುವುದು ಬಹುಪಾಲು ಈ ವಿಚಾರಣೆಯ ಜಗಳವೇ. ಆದರೆ ದೂರಿನ ಹಿಂದೆ ಒಂದು ರಾತ್ರಿ ಇರುತ್ತದೆ, ಆ ರಾತ್ರಿ ನಡೆಯುವ ಮನೆ ಇರುತ್ತದೆ. ಆ ಮನೆಗಳು ಹೇಗೆ ಹುಟ್ಟಿಕೊಂಡವು ಎಂಬುದನ್ನು ಬಿಟ್ಟರೆ ಉಳಿದದ್ದು ಅರ್ಥವಾಗುವುದು ಕಷ್ಟ.

1960ರ ದಶಕದವರೆಗೆ ಅಲ್ಲಿನ ಕಾಲೇಜುಗಳು ತಮ್ಮನ್ನು ಪೋಷಕರ ಸ್ಥಾನದಲ್ಲಿ ಇಟ್ಟುಕೊಂಡಿದ್ದವು. ಹುಡುಗಿಯರ ಹಾಸ್ಟೆಲಿಗೆ ರಾತ್ರಿ ಬೀಗ, ಹುಡುಗರಿಗೆ ಒಳಗೆ ಪ್ರವೇಶವಿಲ್ಲ. ನಾಗರಿಕ ಹಕ್ಕುಗಳ ಹೋರಾಟದಲ್ಲಿ ಭಾಗವಹಿಸಿದ್ದಕ್ಕೆ ಹೊರಹಾಕಲ್ಪಟ್ಟ ಕಪ್ಪು ವಿದ್ಯಾರ್ಥಿಗಳ ಪರವಾಗಿ 1961ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ ಆ ಪೋಷಕತ್ವ ಸಡಿಲವಾಗುತ್ತ ಬಂತು. 1971ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿಯಿತು, ಅದರ ಬೆನ್ನಿಗೆ ಹಲವು ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ಹುಡುಗಿಯರಿಗೆ ಸ್ವಾತಂತ್ರ್ಯ ಬಂತು. ಅದು ಬರಬೇಕಾದದ್ದೇ.

ನಿಜವಾದ ತಿರುವು 1984ರದ್ದು. ಕುಡಿದು ವಾಹನ ಓಡಿಸಿ ಸಾಯುತ್ತಿದ್ದ ಯುವಜನರ ಸಂಖ್ಯೆ ಕಂಡು ಅಮೆರಿಕದ ಸಂಸತ್ತು ಒಂದು ಕಾನೂನು ತಂದಿತು: 21 ವರ್ಷದೊಳಗಿನವರಿಗೆ ಮದ್ಯ ಮಾರುವುದನ್ನು ತಡೆಯದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಕಡಿತ. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ ಒಪ್ಪಿಕೊಂಡವು. ರಸ್ತೆಯ ಸಾವುಗಳು ಕಡಿಮೆಯಾದವು ಎಂಬುದನ್ನು ಮರೆಯಬಾರದು. ಆದರೆ ಅಲ್ಲಿ ಪದವಿ ಓದುವವರು ಸಾಮಾನ್ಯವಾಗಿ 18ರಿಂದ 22ರ ವಯಸ್ಸಿನವರು. ಅಂದರೆ ಹಾಸ್ಟೆಲಿನ ಬಹುಪಾಲು ಮಂದಿಗೆ ಕುಡಿತ ಕಾನೂನುಬಾಹಿರವಾಯಿತು, ಹಾಗೆಂದು ನಿಲ್ಲಲಿಲ್ಲ. ಬಾರಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಹಾಸ್ಟೆಲಿನಲ್ಲಿ ಮೇಲ್ವಿಚಾರಣೆಯ ಹಿರಿಯ ವಿದ್ಯಾರ್ಥಿ ಬಾಗಿಲು ತಟ್ಟುತ್ತಾನೆ. ಹುಡುಗಿಯರ ಸಂಘಗಳಾದ ಸೊರಾರಿಟಿಗಳು ತಮ್ಮ ರಾಷ್ಟ್ರೀಯ ಸಂಸ್ಥೆಗಳ ನಿಯಮದಂತೆ ತಮ್ಮ ಮನೆಗಳಲ್ಲಿ ಮದ್ಯ ಇಡುವುದಿಲ್ಲ. ಉಳಿದದ್ದು ಹುಡುಗರ ಸಂಘಗಳಾದ ಫ್ರಾಟರ್ನಿಟಿಗಳ ಮನೆ. 21 ದಾಟಿದ ಸದಸ್ಯರು ಅಲ್ಲಿದ್ದಾರೆ, ಖರೀದಿಗೆ ಸದಸ್ಯತ್ವದ ಹಣವಿದೆ, ಕಾಲೇಜಿನ ಸಿಬ್ಬಂದಿ ಒಳಗೆ ವಾಸವಿಲ್ಲ.

ಹೀಗೆ, ಯಾರೂ ಉದ್ದೇಶಿಸದೆ, 18ರ ಹುಡುಗಿಗೆ ಪಾರ್ಟಿ ಎಂದರೆ ಹುಡುಗರ ಮನೆಗೆ ಹೋಗುವುದು ಎಂದಾಯಿತು. ಅಲ್ಲಿ ಮೂರು ಸಂಗತಿಗಳು ಆತಿಥೇಯರ ಕೈಯಲ್ಲಿರುತ್ತವೆ. ಮೊದಲನೆಯದು ಬಾಗಿಲು. ಹುಡುಗಿಯರಿಗೆ, ಅದರಲ್ಲೂ ಮೊದಲ ವರ್ಷದವರಿಗೆ, ಬಿಟ್ಟಿ ಪ್ರವೇಶ. ಹೊರಗಿನ ಹುಡುಗರು ಬರಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು, ಇಲ್ಲವೇ ತಲೆಗಿಷ್ಟು ಹುಡುಗಿಯರನ್ನು ಕರೆತರಬೇಕು. ಇದನ್ನು ಅಲ್ಲಿ ‘ರೇಶಿಯೋ’ ಎನ್ನುತ್ತಾರೆ. ಇದರ ಪರಿಣಾಮವಾಗಿ ಹುಡುಗಿಗೆ ಪರಿಚಯವಿರುವ, ಅವಳನ್ನು ಗಮನಿಸಬಲ್ಲ ಸಹಪಾಠಿ ಹುಡುಗ ಹೊರಗೇ ಉಳಿಯುತ್ತಾನೆ.

ಎರಡನೆಯದು ಲೋಟ. ಅಮೆರಿಕದಲ್ಲಿ ಒಂದು ‘ಡ್ರಿಂಕ್’ ಎಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್: ಶೇ. 5ರ ಬಿಯರ್ 355 ಮಿ.ಲೀ., ಶೇ. 12ರ ವೈನ್ 148 ಮಿ.ಲೀ., ಶೇ. 40ರ ವಿಸ್ಕಿ ಅಥವಾ ವೋಡ್ಕಾ 44 ಮಿ.ಲೀ. ಬಾಟಲಿಯಿಂದ ಬಗ್ಗಿಸಿದರೆ ಲೆಕ್ಕ ಇಡಬಹುದು. ಪಾರ್ಟಿಯಲ್ಲಿ ಸಿಗುವ ‘ಜಂಗಲ್ ಜ್ಯೂಸ್’ಗೆ ಲೆಕ್ಕವಿಲ್ಲ. ದೊಡ್ಡ ಡಬ್ಬದಲ್ಲಿ ಹಣ್ಣಿನ ರುಚಿಯ ಸಕ್ಕರೆ ನೀರು, ಅದಕ್ಕೆ ಎವರ್‌ಕ್ಲಿಯರ್‌ನಂಥ ಶೇ. 95ರವರೆಗಿನ ಧಾನ್ಯದ ಸ್ಪಿರಿಟ್. 15 ಲೀಟರ್ ಪಾನಕಕ್ಕೆ 1.75 ಲೀಟರಿನ ಒಂದು ಬಾಟಲಿ ಸುರಿದರೆ ಮಿಶ್ರಣ ಸುಮಾರು ಶೇ. 10ರಷ್ಟಾಗುತ್ತದೆ; 350 ಮಿ.ಲೀ. ಕುಡಿದರೆ ಎರಡು ಡ್ರಿಂಕ್. ಎರಡು ಬಾಟಲಿ ಸುರಿದಿದ್ದರೆ ಅದೇ ಲೋಟದಲ್ಲಿ ಮೂರೂವರೆ. ಸಿಹಿ ಎರಡನ್ನೂ ಒಂದೇ ತರ ಮುಚ್ಚಿಹಾಕುತ್ತದೆ. ಎಷ್ಟು ಸುರಿದಿದೆ ಎಂಬುದು ಬೆರೆಸಿದವನಿಗೆ ಮಾತ್ರ ಗೊತ್ತು.

ಇದಕ್ಕೂ ಮುಂಚೆ ‘ಪ್ರೀಗೇಮ್’ ಆಗಿರುತ್ತದೆ. ಹೊರಗೆ ಸಿಗುತ್ತದೋ ಇಲ್ಲವೋ ಎಂದು, ಸಿಕ್ಕಿಬೀಳುವ ಭಯಕ್ಕೆ, ಹಾಸ್ಟೆಲ್ ಕೋಣೆಯಲ್ಲಿ ಗಡಿಬಿಡಿಯಿಂದ ಕುಡಿದು ಹೊರಡುವುದು. ಗಡಿಬಿಡಿಯೇ ಅಪಾಯ. ಎರಡು ಗಂಟೆಯೊಳಗೆ ಹೆಣ್ಣು ನಾಲ್ಕು, ಗಂಡು ಐದು ಡ್ರಿಂಕ್ ಕುಡಿದರೆ ರಕ್ತದ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 0.08 ಮುಟ್ಟುತ್ತದೆ, ಹೆಣ್ಣಿನ ದೇಹದಲ್ಲಿ ನೀರಿನ ಅಂಶ ಕಡಿಮೆಯಾದ್ದರಿಂದ ಈ ವ್ಯತ್ಯಾಸ. ಯಕೃತ್ತು ಗಂಟೆಗೆ ಕರಗಿಸುವುದು ಸುಮಾರು ಶೇ. 0.015 ಮಾತ್ರ. ಪ್ರಮಾಣ ಶೇ. 0.16ರ ಆಸುಪಾಸಿಗೆ, ಅದೂ ವೇಗವಾಗಿ ಏರಿದರೆ, ಮೆದುಳಿನ ಹಿಪೊಕ್ಯಾಂಪಸ್ ಹೊಸ ನೆನಪನ್ನು ದಾಖಲಿಸುವುದನ್ನೇ ನಿಲ್ಲಿಸಬಹುದು. ಇದು ‘ಬ್ಲ್ಯಾಕೌಟ್’. ಪ್ರಜ್ಞೆ ತಪ್ಪಿ ಬೀಳುವುದು ಬೇರೆ, ಇದು ಬೇರೆ. ಬ್ಲ್ಯಾಕೌಟಿನಲ್ಲಿರುವವಳು ನಡೆಯುತ್ತಾಳೆ, ಮಾತಾಡುತ್ತಾಳೆ, ಫೋನಿನಲ್ಲಿ ಸಂದೇಶ ಕಳಿಸುತ್ತಾಳೆ. ಬೆಳಿಗ್ಗೆ ಅದಾವುದೂ ಇರುವುದಿಲ್ಲ. ಮುಂದೆ ವಿಚಾರಣೆಯಲ್ಲಿ ಎಲ್ಲಕ್ಕಿಂತ ಬಿಗಿಯಾದ ಗಂಟು ಬೀಳುವುದು ಇಲ್ಲಿಯೇ. ಬಹುತೇಕ ಕಾಲೇಜುಗಳ ನಿಯಮದಲ್ಲಿ ಕುಡಿದಿರುವುದು ಬೇರೆ, ಸಮ್ಮತಿ ಕೊಡಲಾಗದಷ್ಟು ಅಸಮರ್ಥಳಾಗಿರುವುದು ಬೇರೆ. ಎಲ್ಲಿದ್ದೇನೆ, ಯಾರ ಜೊತೆ ಇದ್ದೇನೆ, ಏನಾಗುತ್ತಿದೆ ಎಂದು ತಿಳಿಯುವ ಶಕ್ತಿ ಇತ್ತೇ ಎಂಬುದು ಪ್ರಶ್ನೆ. ಉತ್ತರ ಹೇಳಬೇಕಾದವಳಿಗೆ ನೆನಪಿಲ್ಲ, ನೋಡಿದವರೂ ಕುಡಿದವರೇ.

ಮೂರನೆಯದು ಹಿಂದಿರುಗುವ ದಾರಿ. ಹಲವು ಕಡೆ ಹುಡುಗಿಯರನ್ನು ಕಾರಿನಲ್ಲಿ ಕರೆತರುವವರು, ಬಿಟ್ಟುಬರುವವರು ಫ್ರಾಟರ್ನಿಟಿಯ ಹೊಸ ಸದಸ್ಯರೇ. ಕೆಳಗೆ ಮಾತು ಕೇಳಿಸದಷ್ಟು ಸಂಗೀತ, ಮೇಲೆ ಚಿಲಕವಿರುವ ಮಲಗುವ ಕೋಣೆಗಳು. ‘ಸ್ವಲ್ಪ ಮೇಲೆ ಹೋಗಿ ಮಲಗು’ ಎಂಬ ಮಾತು ಉಪಚಾರದಂತೆಯೇ ಕೇಳಿಸುತ್ತದೆ. ಈ ವ್ಯವಸ್ಥೆಯಲ್ಲಿ ಬಹುಪಾಲು ಹುಡುಗರು ಯಾರಿಗೂ ಹಾನಿ ಮಾಡುವುದಿಲ್ಲ. ಆದರೆ ಮಾಡಬೇಕೆಂದಿರುವವನಿಗೆ ಬೇಕಾದ್ದೆಲ್ಲ ಸಿದ್ಧವಾಗಿರುತ್ತದೆ. ಕುಡಿದದ್ದು ಅವಳ ತಪ್ಪು ಎನ್ನುವವರು, ಅಷ್ಟೇ ಕುಡಿದ ಹುಡುಗರು ಅದೇ ಮನೆಯ ಸೋಫಾದ ಮೇಲೆ ಬೆಳಗಿನವರೆಗೆ ನಿಶ್ಚಿಂತೆಯಿಂದ ಮಲಗಿ ಏಳುವುದನ್ನು ಗಮನಿಸಬೇಕು.

ಪಾರ್ಟಿಗೂ ಅಪರಾಧಕ್ಕೂ ಇರುವ ನಂಟು ಊಹೆಯಲ್ಲ. ದೊಡ್ಡ ಫುಟ್‌ಬಾಲ್ ತಂಡಗಳಿರುವ ವಿಶ್ವವಿದ್ಯಾಲಯಗಳ ಪೊಲೀಸ್ ದಾಖಲೆಗಳನ್ನು ನೋಡಿದ ಅರ್ಥಶಾಸ್ತ್ರಜ್ಞರ 2018ರ ಅಧ್ಯಯನದಲ್ಲಿ, ಪಂದ್ಯದ ದಿನ 17ರಿಂದ 24ರ ವಯಸ್ಸಿನವರ ಮೇಲಿನ ಅತ್ಯಾಚಾರದ ದೂರುಗಳು ಶೇ. 28ರಷ್ಟು ಹೆಚ್ಚು. ತವರು ಮೈದಾನದ ಪಂದ್ಯವಾದರೆ ಶೇ. 41, ಹೊರಗಿನ ಪಂದ್ಯವಾದರೆ ಶೇ. 15. ಆಗಸ್ಟ್ ಕೊನೆಯಲ್ಲಿ ತರಗತಿ ಶುರುವಾಗಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಯವರೆಗಿನ ಅವಧಿಗೆ ‘ರೆಡ್ ಜೋನ್’ ಎಂಬ ಹೆಸರೇ ಇದೆ. ಹೊಸ ಹುಡುಗಿಯರಿಗೆ ಆಗಿನ್ನೂ ಆಪ್ತ ಗೆಳತಿಯರಿಲ್ಲ, ಯಾವ ಮನೆಯ ಬಗ್ಗೆ ಹಿರಿಯರು ಪಿಸುಗುಡುತ್ತಾರೆಂದು ಗೊತ್ತಿಲ್ಲ.

ಎಷ್ಟು ಮಂದಿಗೆ ಹೀಗಾಗುತ್ತದೆ ಎಂಬ ಬಗ್ಗೆ ದಶಕಗಳ ವಾದವಿದೆ. 1987ರಲ್ಲಿ ಪ್ರಕಟವಾದ, 32 ಕಾಲೇಜುಗಳ 6,159 ವಿದ್ಯಾರ್ಥಿಗಳ ಸಮೀಕ್ಷೆಯಲ್ಲಿ 14ರ ವಯಸ್ಸಿನ ನಂತರ ಅತ್ಯಾಚಾರ ಅಥವಾ ಅದರ ಯತ್ನಕ್ಕೆ ಒಳಗಾದ ಹುಡುಗಿಯರು ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. 27 ವಿಶ್ವವಿದ್ಯಾಲಯಗಳ 2015ರ ಸಮೀಕ್ಷೆಯಲ್ಲಿ, ಬಲವಂತ ಅಥವಾ ಅಸಮರ್ಥ ಸ್ಥಿತಿಯಲ್ಲಿ ನಡೆದ ಲೈಂಗಿಕ ಸ್ಪರ್ಶವನ್ನೂ ಸೇರಿಸಿ, ಪದವಿ ವಿದ್ಯಾರ್ಥಿನಿಯರಲ್ಲಿ ಶೇ. 23.1. ಸರಕಾರದ ಅಪರಾಧ ಸಮೀಕ್ಷೆಯ 2014ರ ವರದಿಯಲ್ಲಿ ಮಾತ್ರ ವರ್ಷಕ್ಕೆ ಸಾವಿರಕ್ಕೆ 6.1. ಇವು ಪರಸ್ಪರ ಸುಳ್ಳಲ್ಲ. ಒಂದು ಇಡೀ ಕಾಲೇಜು ಜೀವನವನ್ನು ಕೇಳುತ್ತದೆ, ಇನ್ನೊಂದು ಒಂದು ವರ್ಷವನ್ನು. ಒಂದು ನಡೆದದ್ದನ್ನು ವಿವರಿಸಿ ‘ಹೀಗಾಯಿತೇ’ ಎನ್ನುತ್ತದೆ, ಇನ್ನೊಂದು ಅಪರಾಧದ ಬಗೆಗಿನ ಪ್ರಶ್ನೆಗಳ ನಡುವೆ ಕೇಳುತ್ತದೆ. ಕಡಿಮೆ ಅಂಕಿ ಕೊಟ್ಟ ಆ ವರದಿಯೇ ಇನ್ನೊಂದನ್ನೂ ಹೇಳಿತು: ವಿದ್ಯಾರ್ಥಿನಿಯರ ಮೇಲಿನ ಶೇ. 80ರಷ್ಟು ಪ್ರಕರಣಗಳು ಪೊಲೀಸರವರೆಗೆ ಹೋಗುವುದೇ ಇಲ್ಲ.

ಕಾನೂನಿನ ಕಥೆ 1972ರ ಟೈಟಲ್ ನೈನ್‌ನಿಂದ ಶುರುವಾಗುತ್ತದೆ. ಫೆಡರಲ್ ಹಣ ಪಡೆಯುವ ಶಿಕ್ಷಣ ಸಂಸ್ಥೆ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎಂಬ ಒಂದೇ ವಾಕ್ಯ; ಲೈಂಗಿಕ ದೌರ್ಜನ್ಯದ ಮಾತೇ ಅದರಲ್ಲಿಲ್ಲ. ಕಿರುಕುಳವೂ ತಾರತಮ್ಯವೇ ಎಂದು 1977ರಲ್ಲಿ ಯೇಲ್ ವಿದ್ಯಾರ್ಥಿನಿಯರು ನ್ಯಾಯಾಲಯದಲ್ಲಿ ವಾದಿಸಿದರು. 1986ರಲ್ಲಿ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಕೊಲೆಯಾದ ಜೀನ್ ಕ್ಲೆರಿಯ ತಂದೆತಾಯಿಯ ಹೋರಾಟದಿಂದ 1990ರಲ್ಲಿ ಬಂದ ಕಾನೂನು, ಕ್ಯಾಂಪಸ್ ಅಪರಾಧಗಳ ಅಂಕಿಅಂಶವನ್ನು ಪ್ರತಿವರ್ಷ ಬಹಿರಂಗಪಡಿಸಬೇಕು ಎಂದಿತು. 1999ರಲ್ಲಿ ಸುಪ್ರೀಂ ಕೋರ್ಟ್, ಸಹಪಾಠಿಯ ಕಿರುಕುಳ ಗೊತ್ತಿದ್ದೂ ಕಣ್ಣುಮುಚ್ಚಿ ಕುಳಿತ ಸಂಸ್ಥೆ ಪರಿಹಾರ ಕೊಡಬೇಕಾದೀತು ಎಂದಿತು.

ಆಮೇಲಿನದು ಲೋಲಕದ ಓಟ. ಟೈಟಲ್ ನೈನ್ ಅಡಿ ಫೆಡರಲ್ ಶಿಕ್ಷಣ ಇಲಾಖೆ ಕಾಲೇಜುಗಳಿಗೆ ಕಳಿಸಿದ 2011ರ ಏಪ್ರಿಲ್ 4ರ ಸುತ್ತೋಲೆ, ಘಟನೆ ನಡೆದಿರುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು ಎನಿಸಿದರೂ ಕ್ರಮ ಕೈಗೊಳ್ಳಿ ಎಂದಿತು. 2014ರ ಮೇ ತಿಂಗಳಲ್ಲಿ ತನಿಖೆ ಎದುರಿಸುತ್ತಿರುವ 55 ಸಂಸ್ಥೆಗಳ ಹೆಸರು ಬಯಲಾಯಿತು. ಕೆಲವು ಕಾಲೇಜುಗಳು ಹೆದರಿ, ಯಾರ ಮೇಲೆ ದೂರು ಬಂತೋ ಅವನಿಗೆ ಸಾಕ್ಷ್ಯವನ್ನೂ ಸರಿಯಾಗಿ ತೋರಿಸದೆ ಹೊರಹಾಕಿದವು. ಹೀಗೆ ಹೊರಬಿದ್ದವರು ನ್ಯಾಯಾಲಯಕ್ಕೆ ಹೋದರು, ಹಲವರು ಗೆದ್ದರು. ಅವಸರದ ವಿಚಾರಣೆ ದೂರು ಕೊಟ್ಟವಳಿಗೂ ನಷ್ಟವೇ, ಗೆದ್ದ ತೀರ್ಪು ಆಮೇಲೆ ಬಿದ್ದುಹೋಗುತ್ತದೆ. 2017ರಲ್ಲಿ ಸುತ್ತೋಲೆ ರದ್ದು. 2020ರ ನಿಯಮ ನೇರ ವಿಚಾರಣೆಯನ್ನೂ, ಎರಡೂ ಕಡೆಯ ಸಲಹೆಗಾರರಿಂದ ಪಾಟೀಸವಾಲನ್ನೂ ಕಡ್ಡಾಯ ಮಾಡಿತು. 2024ರ ನಿಯಮ ಅದನ್ನು ಸಡಿಲಿಸಿತು, 2025ರ ಜನವರಿ 9ರಂದು ಕೆಂಟಕಿಯ ಫೆಡರಲ್ ನ್ಯಾಯಾಲಯ ಇಡೀ ನಿಯಮವನ್ನೇ ತಳ್ಳಿಹಾಕಿತು. ಮತ್ತೆ 2020ರದ್ದೇ ಜಾರಿಗೆ ಬಂತು.

ಇಷ್ಟೆಲ್ಲ ಎಳೆದಾಟದ ನಡುವೆ ಘಟನೆಯ ಮರುದಿನ ಏನು ಮಾಡಬೇಕೆಂಬ ಮಾಹಿತಿ ಹಿಂದೆ ಬೀಳುತ್ತದೆ. ಆಸ್ಪತ್ರೆಯಲ್ಲಿ ವಿಧಿವಿಜ್ಞಾನದ ಸಾಕ್ಷ್ಯ ಸಂಗ್ರಹ ಹಲವು ರಾಜ್ಯಗಳಲ್ಲಿ 120 ಗಂಟೆಯೊಳಗೆ ಸಾಧ್ಯ, ಬೇಗ ಹೋದಷ್ಟೂ ಒಳ್ಳೆಯದು. ಪೊಲೀಸ್ ದೂರು ಕೊಡದಿದ್ದರೂ ಈ ಪರೀಕ್ಷೆಗೆ ಹಣ ಕೇಳುವಂತಿಲ್ಲ. ಹೋಗುವ ಮುನ್ನ ಸ್ನಾನ ಬೇಡ. ಬಟ್ಟೆಯನ್ನು ತೊಳೆಯದೆ ಕಾಗದದ ಚೀಲದಲ್ಲಿಡಬೇಕು, ಪ್ಲಾಸ್ಟಿಕ್ಕಿನಲ್ಲಿ ತೇವ ಉಳಿದು ಡಿಎನ್ಎ ಕೆಡುತ್ತದೆ. ಲೋಟಕ್ಕೆ ಏನಾದರೂ ಬೆರೆಸಿದ ಅನುಮಾನವಿದ್ದರೆ ಮೊದಲ ಮೂತ್ರವನ್ನೇ ಪರೀಕ್ಷೆಗೆ ಕೊಡಬೇಕು: ಹೀಗೆ ಬೆರೆಸುವ, ಮಂಪರು ತರುವ ಜಿಎಚ್‌ಬಿ ಎಂಬ ಮಾದಕದ್ರವ್ಯ ಸುಮಾರು 12 ಗಂಟೆಯಲ್ಲಿ ಮೂತ್ರದಿಂದ ಮಾಯವಾಗುತ್ತದೆ.

ತಡೆಯುವ ಪ್ರಯತ್ನಗಳಲ್ಲಿ ಗಟ್ಟಿ ಫಲಿತಾಂಶ ಕೊಟ್ಟದ್ದು ಕೆಲವೇ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ಮೊದಲ ವರ್ಷದ ಹುಡುಗಿಯರಿಗೆ ತಲಾ ಮೂರು ಗಂಟೆಯ ನಾಲ್ಕು ತರಗತಿಗಳಲ್ಲಿ, ಪರಿಚಿತನ ಒತ್ತಡವನ್ನು ಬೇಗ ಗುರುತಿಸುವುದು, ಸಂಕೋಚ ಬಿಟ್ಟು ಮಾತಿನಿಂದಲೂ ಮೈಯಿಂದಲೂ ಎದುರಿಸುವುದು ಕಲಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಇತರರಲ್ಲಿ ಶೇ. 9.8 ಇದ್ದರೆ ಇವರಲ್ಲಿ ಶೇ. 5.2. ಆದರೂ ಅಮೆರಿಕದ ಹೆಚ್ಚಿನ ಕಡೆ ಸಿಗುವುದು ಕಂಪ್ಯೂಟರಿನ ಮುಂದೆ ಕುಳಿತು ಮುಗಿಸುವ ಚುಟುಕು ಪಾಠ. ಹನ್ನೆರಡು ಗಂಟೆಯ ತರಗತಿಗೆ ತರಬೇತಾದ ಶಿಕ್ಷಕಿಯರು, ಕೋಣೆ, ಸಣ್ಣ ಗುಂಪು ಬೇಕು. ಅದಕ್ಕೆ ಹಣ ತೆಗೆಯುವ ಮನಸ್ಸು ಕಾಣುತ್ತಿಲ್ಲ.

ಪಾರ್ಟಿ ಮನೆಗೇ ಕೈಹಾಕಿದ ಕ್ರಮ ಬಂದದ್ದು ತಡವಾಗಿ. ಹೊಸ ಸದಸ್ಯರು ಕುಡಿದು ಸತ್ತ ಪ್ರಕರಣಗಳ ಬಳಿಕ ಫ್ರಾಟರ್ನಿಟಿಗಳ ರಾಷ್ಟ್ರೀಯ ಒಕ್ಕೂಟ 2018ರಲ್ಲಿ ನಿರ್ಣಯಿಸಿತು: 2019ರ ಸೆಪ್ಟೆಂಬರ್ 1ರೊಳಗೆ ಸದಸ್ಯ ಸಂಘಗಳ ಮನೆಗಳಲ್ಲಿ ಶೇ. 15ಕ್ಕಿಂತ ಕಡುವಾದ ಮದ್ಯ ಇರಬಾರದು, ಪರವಾನಗಿ ಇರುವ ಹೊರಗಿನವರು ಮಾರಿದರೆ ಮಾತ್ರ ವಿನಾಯಿತಿ. ಜಂಗಲ್ ಜ್ಯೂಸಿನ ಡಬ್ಬಕ್ಕೆ ಇದು ನೇರ ಪೆಟ್ಟು. ಆದರೆ ನಿಯಮ ಸಂಘದ ಮನೆಗೆ ಮಾತ್ರ. ನಾಲ್ಕು ಜನ ಸದಸ್ಯರು ಪಕ್ಕದ ಬೀದಿಯಲ್ಲಿ ತಮ್ಮ ಹೆಸರಿಗೆ ಬಾಡಿಗೆ ಹಿಡಿದ ಮನೆಗೆ ಪಾರ್ಟಿ ಸರಿದರೆ ಅದು ತಪಾಸಣೆಯ ಕಣ್ಣಿಗೆ ಬೀಳುವುದು ಕಷ್ಟ. 2020ರ ಟೈಟಲ್ ನೈನ್ ನಿಯಮದ ಗೆರೆಯೂ ಅಲ್ಲಿಯೇ ನಿಲ್ಲುತ್ತದೆ: ಕಾಲೇಜಿನ ಮಾನ್ಯತೆ ಪಡೆದ ಸಂಘದ ಕಟ್ಟಡ ಅದರ ವ್ಯಾಪ್ತಿಗೆ ಬರುತ್ತದೆ, ಖಾಸಗಿ ಬಾಡಿಗೆ ಮನೆ ಸಾಮಾನ್ಯವಾಗಿ ಬರುವುದಿಲ್ಲ. 2021ರಲ್ಲಿ ಡ್ಯೂಕ್‌ನಲ್ಲಿ, 2022ರಲ್ಲಿ ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಹಲವು ಫ್ರಾಟರ್ನಿಟಿಗಳು ವಿಶ್ವವಿದ್ಯಾಲಯದ ನಂಟನ್ನೇ ಕಡಿದುಕೊಂಡು ಹೊರನಡೆದವು. ಅಂಥ ಮನೆಯಲ್ಲಿ ದೌರ್ಜನ್ಯ ನಡೆದರೆ ಕಾಲೇಜು ತನ್ನದೇ ಶಿಸ್ತು ಸಂಹಿತೆಯಡಿ ದೂರು ಕೈಗೆತ್ತಿಕೊಳ್ಳಬಹುದು. ಕೈಗೆತ್ತಿಕೊಳ್ಳಲೇಬೇಕು ಎಂದು ಈಗಿನ ಫೆಡರಲ್ ನಿಯಮ ಹೇಳುವುದಿಲ್ಲ.