ಕಿರ್ದಿ ಉಳಿದರೆ ಖಾತೆ ಉಳಿದೀತು

ಹಳೆಯ ಅಂಗಡಿಗಳಲ್ಲಿ ಎರಡು ಲೆಕ್ಕದ ಪುಸ್ತಕಗಳಿರುತ್ತಿದ್ದವು. ವ್ಯವಹಾರ ನಡೆದ ಕೂಡಲೇ, ನಡೆದ ಕ್ರಮದಲ್ಲಿಯೇ ಬರೆದಿಡುವ ಕಿರ್ದಿ ಒಂದು. ಅದನ್ನು ನೋಡಿಕೊಂಡು ಬಿಡುವಾದಾಗ ಒಬ್ಬೊಬ್ಬ ಗಿರಾಕಿಯ ಹೆಸರಿಗೂ ಲೆಕ್ಕ ಏರಿಸುವ ಖಾತೆ ಪುಸ್ತಕ ಇನ್ನೊಂದು. ಸೋರಿದ ನೀರಿಗೆ ಖಾತೆಯ ಹಾಳೆಗಳು ನೆಂದು ಹೋದರೂ ಕಿರ್ದಿ ಉಳಿದಿದ್ದರೆ ಗುಮಾಸ್ತ ಖಾತೆಯನ್ನು ಮತ್ತೆ ಬರೆಯಬಲ್ಲವನಾಗಿದ್ದ. ಸರ್ವರ್ ಕುಸಿದ ಮೇಲೆ ಡೇಟಾಬೇಸ್ ಚೇತರಿಸಿಕೊಳ್ಳುವುದು ಬಹುಮಟ್ಟಿಗೆ ಇದೇ ಉಪಾಯದಿಂದ.

ನೀವು ಒಂದು ಬಿಲ್ಲನ್ನು ಉಳಿಸಿದಾಗ ಡೇಟಾಬೇಸ್ ಮೊದಲು ಆ ಬದಲಾವಣೆಯನ್ನು ಲಾಗ್ ಎಂಬ ಕಡತಕ್ಕೆ, ಅಂದರೆ ತನ್ನ ಕಿರ್ದಿಗೆ ಬರೆದು, ಅದು ಡಿಸ್ಕ್ ತಲುಪಿತೆಂದು ಖಚಿತವಾದ ನಂತರವೇ ‘ಆಯಿತು’ ಎಂದು ಹೇಳುತ್ತದೆ. ನಿಜವಾದ ದತ್ತಾಂಶದ ಪುಟ, ಅಂದರೆ ಡೇಟಾಬೇಸ್ ಒಂದು ಘಟಕವಾಗಿ ಓದಿ ಬರೆಯುವ ತುಣುಕು, ಡಿಸ್ಕಿಗೆ ಹೋಗುವುದು ಅನಂತರ, ನಿಧಾನವಾಗಿ. ಈ ಅಂತರದಲ್ಲಿ ವಿದ್ಯುತ್ ಹೋದರೆ ಪುಟ ಅರ್ಧ ಹೊಸದು, ಅರ್ಧ ಹಳೆಯದಾಗಿ ಉಳಿಯಬಹುದು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಪುಟ ಸಾಮಾನ್ಯವಾಗಿ 8 ಕೆಬಿ, ಮೈಎಸ್‌ಕ್ಯೂಎಲ್ ಎಂಬ ಇನ್ನೊಂದರಲ್ಲಿ ದತ್ತಾಂಶವನ್ನು ಉಳಿಸಿಡುವ ಭಾಗವಾದ ಇನ್ನೋಡಿಬಿಯದು 16 ಕೆಬಿ. ಡಿಸ್ಕಾದರೋ ಸಾಮಾನ್ಯವಾಗಿ 512 ಬೈಟ್ ಇಲ್ಲವೇ 4 ಕೆಬಿಯಷ್ಟನ್ನು ಮಾತ್ರ ಒಂದೇ ಏಟಿಗೆ ಬರೆಯುವ ಭರವಸೆ ಕೊಡುತ್ತದೆ. ಇಂಥ ಹರಿದ ಪುಟವನ್ನು ಸರಿಪಡಿಸಲೆಂದೇ ಇನ್ನೋಡಿಬಿ ಪ್ರತಿ ಪುಟವನ್ನೂ ಮೊದಲು ಬೇರೊಂದು ಜಾಗದಲ್ಲಿ ಬರೆದು, ಬಳಿಕ ಅದರ ಸ್ವಸ್ಥಾನದಲ್ಲಿ ಬರೆಯುತ್ತದೆ.

ಕಿರ್ದಿಯಿಂದ ಖಾತೆಯನ್ನು ಕಟ್ಟುವ ಕೆಲಸಕ್ಕೆ ಶಾಸ್ತ್ರೀಯ ರೂಪ ಕೊಟ್ಟದ್ದು, ಮದ್ರಾಸ್ ಐಐಟಿಯಲ್ಲಿ ಓದಿ ಐಬಿಎಂ ಸೇರಿದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ‘ಏರೀಸ್’ ವಿಧಾನ. ಅದು ಮೊದಲು ಲಾಗನ್ನು ಓದಿ, ಕುಸಿತದ ಹೊತ್ತಿಗೆ ಯಾವ ವ್ಯವಹಾರಗಳು ಅರ್ಧಕ್ಕೆ ನಿಂತಿದ್ದವೆಂದು ಗುರುತಿಸುತ್ತದೆ. ಆಮೇಲೆ, ಪುಟಗಳನ್ನು ತಲುಪದೆ ಉಳಿದ ಬದಲಾವಣೆಗಳನ್ನೆಲ್ಲ, ಅರ್ಧಕ್ಕೆ ನಿಂತ ವ್ಯವಹಾರಗಳದ್ದನ್ನೂ ಬಿಡದೆ, ಮತ್ತೆ ನಡೆಸುತ್ತದೆ. ಕೊನೆಗೆ ಅಳಿಸಲೇಬೇಕಾದದ್ದನ್ನು ಮತ್ತೆ ಬರೆಯುವುದೇಕೆ ಎಂದು ಅನ್ನಿಸುವುದು ಸಹಜ. ಆದರೆ ಇತಿಹಾಸವನ್ನು ಇದ್ದಂತೆಯೇ ಮರುಕಳಿಸಿ ಕುಸಿತದ ಕ್ಷಣಕ್ಕೆ ತಲುಪಿದರೆ, ಅಲ್ಲಿಂದ ಅಪೂರ್ಣ ವ್ಯವಹಾರಗಳನ್ನು ಹಿಂದಕ್ಕೆ ತೆಗೆಯುವುದು ಸರಳವಾಗುತ್ತದೆ. ಹಾಗೆ ತೆಗೆದದ್ದನ್ನೂ ಲಾಗಿನಲ್ಲಿ ನಮೂದಿಸುವುದರಿಂದ ದುರಸ್ತಿಯ ನಡುವೆಯೇ ಸರ್ವರ್ ಮತ್ತೆ ಕುಸಿದರೂ ಲೆಕ್ಕ ತಪ್ಪುವುದಿಲ್ಲ. ನನ್ನ ಮಟ್ಟಿಗೆ ಗಣಕ ವಿಜ್ಞಾನದ ಅತ್ಯಂತ ಸುಂದರ ವಿಚಾರಗಳಲ್ಲಿ ಇದೂ ಒಂದು.

ಡಿಸ್ಕೇ ಕೆಟ್ಟು ಪುಟಗಳೂ ಲಾಗೂ ಹಾಳಾದಾಗ ಕತೆ ಬೇರೆ. ಆಗ ದುರಸ್ತಿಗೆ ಕೈ ಹಾಕುವ ಮುನ್ನ, ಕೆಟ್ಟಿರುವ ಕಡತಗಳನ್ನೇ ಇದ್ದಂತೆ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು, ಏಕೆಂದರೆ ಪ್ರತಿ ಪ್ರಯತ್ನವೂ ಉಳಿದಿರುವುದನ್ನು ಕೆಡಿಸಬಹುದು. ಇನ್ನೋಡಿಬಿಯಲ್ಲಿ ಬಲವಂತದ ಚೇತರಿಕೆಗೆ, ಅಂದರೆ ಕೆಟ್ಟ ಡೇಟಾಬೇಸನ್ನು ಹೇಗಾದರೂ ತೆರೆಯುವುದಕ್ಕೆ, 1ರಿಂದ 6ರವರೆಗೆ ಹಂತಗಳಿವೆ. 4ನೆಯ ಹಂತದಿಂದ ಮೇಲೆ ಕಡತಗಳು ಶಾಶ್ವತವಾಗಿ ಕೆಡುವ ಅಪಾಯವಿರುವುದರಿಂದ, ಅದನ್ನು ನಕಲಿನ ಮೇಲಷ್ಟೇ ನಡೆಸಿ, ಸಿಕ್ಕಷ್ಟು ದತ್ತಾಂಶವನ್ನು ಹೊರತೆಗೆದು ಹೊಸ ಡೇಟಾಬೇಸಿಗೆ ತುಂಬಬೇಕಾಗುತ್ತದೆ. ಹಳೆಯ ಬ್ಯಾಕಪ್ ಇದ್ದು, ಅಲ್ಲಿಂದ ಈಚಿನ ಲಾಗುಗಳೂ ಬೇರೆಡೆ ಭದ್ರವಾಗಿದ್ದರೆ ಈ ಪಾಡು ಬೇಕಿಲ್ಲ. ತೊಂದರೆಯ ಹಿಂದಿನ ಕ್ಷಣದವರೆಗೂ ಲೆಕ್ಕವನ್ನು ತಂದು ನಿಲ್ಲಿಸಬಹುದು.

ಆದರೆ ಬ್ಯಾಕಪ್ ಇದೆಯೆಂಬ ನಂಬಿಕೆ ಬೇರೆ, ಅದು ಇರುವುದು ಬೇರೆ. 2017ರ ಜನವರಿ 31ರ ರಾತ್ರಿ, ತಂತ್ರಾಂಶ ಬರೆಯುವವರ ಕೋಡನ್ನು ಇಟ್ಟುಕೊಡುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು, ಪ್ರತಿಯಿರುವ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ದತ್ತಾಂಶವನ್ನು ಅಳಿಸತೊಡಗಿದರು. ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು. ಬ್ಯಾಕಪ್ ಹುಡುಕಿದರೆ ಆ ಜಾಗ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6ನೆಯ ಆವೃತ್ತಿಯದು, ಬ್ಯಾಕಪ್ ಸಾಧನ 9.2ರದು, ಹೊಂದದೆ ಅದು ವಿಫಲವಾಗುತ್ತಲೇ ಇತ್ತು, ಆ ಸುದ್ದಿ ಹೊತ್ತ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಪರೀಕ್ಷೆಯ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ನಕಲೇ ಕೊನೆಗೆ ಕೈಹಿಡಿಯಿತು. ಸಂಸ್ಥೆ ಏನನ್ನೂ ಮುಚ್ಚಿಡದೆ ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ನಿಧಾನಗತಿಯ ಡಿಸ್ಕುಗಳಿಂದ ಆ ನಕಲು ಗಂಟೆಗಟ್ಟಲೆ ಹರಿದು ಬಂದು ಮರುದಿನ ಸೇವೆ ಮತ್ತೆ ಆರಂಭವಾಯಿತು. ನಡುವಿನ ಆರು ಗಂಟೆಗಳಲ್ಲಿ ಜನ ಬರೆದಿದ್ದ ಸುಮಾರು 5,000 ಟಿಪ್ಪಣಿಗಳೂ ಸೇರಿದಂತೆ ಹಲವು ಬದಲಾವಣೆಗಳು ಮರಳಿ ಬರಲಿಲ್ಲ.