ಕಂಬಳಿ ಅಂಚಿನಲ್ಲೊಂದು ಸ್ವಿಚ್ಚು

ಮನೆಯಲ್ಲಿ ಮಲ್ಟಿಮೀಟರ್, ಅಂದರೆ ಕರೆಂಟು, ವೋಲ್ಟ್ ಅಳೆಯುವ ಉಪಕರಣ ಇದ್ದರೆ ಒಂದು ಆಟ ಆಡಿ ನೋಡಿ. ಬೀಪ್ ಅನ್ನೋ ಕಡೆ ತಿರುಗಿಸಿಕೊಂಡು, ಅಜ್ಜಿಯ ಮದುವೆ ಸೀರೆಯ ಜರಿಗೆ ಎರಡೂ ಕಡ್ಡಿ ತಾಗಿಸಿ. ಒಂದೇ ಎಳೆಯ ಮೇಲೆ ಬಿದ್ದರೆ ಕೂಗುತ್ತೆ, ಅಂದರೆ ಎಳೆಯಲ್ಲಿ ಕರೆಂಟು ಹರಿಯುತ್ತೆ. ಈಚೆಗೆ ಅಗ್ಗಕ್ಕೆ ಕೊಂಡ ಸೀರೆಗೆ ಇಟ್ಟರೆ ಸಾಮಾನ್ಯವಾಗಿ ಸುಮ್ಮನಿರುತ್ತೆ. ಹಳೆಯ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿಯ ಚಪ್ಪಟೆ ತಂತಿ ಸುತ್ತಿ, ಚಿನ್ನದ ಲೇಪ ಕೊಟ್ಟದ್ದು. ಅಗ್ಗದ ಜರಿ ಬರೀ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ತೆಳುವಾಗಿ ಲೋಹ, ಅದಕ್ಕೂ ಮೇಲೆ ವಾರ್ನಿಷ್. ಹಾಗಂತ ಬೀಪ್ ಬಂದ ಕೂಡಲೇ ಬೆಳ್ಳಿ ಅಂತ ಬೀಗಬೇಡಿ. ತಾಮ್ರದ ಜರಿಯೂ ಕೂಗುತ್ತೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರೆಹ್ಮಿ ಪೋಸ್ಟ್ ಮತ್ತು ಮ್ಯಾಗಿ ಆರ್ತ್ 1997ರಲ್ಲಿ ಬಟ್ಟೆಯನ್ನೇ ಸರ್ಕ್ಯೂಟ್ ಮಾಡುವ ಬಗ್ಗೆ ಬರೆದಾಗ ಅವರು ಹಿಡಿದದ್ದು ಇದೇ ಜಾತಿಯ ಬಟ್ಟೆಯನ್ನು, ಅಂದರೆ ಜರಿ ಹೊಕ್ಕಿನ, ಆರ್ಗಂಜಾ ಅನ್ನೋ ತೆಳು ರೇಷ್ಮೆ ಬಟ್ಟೆಯನ್ನು. ಅದರ ಹಾಸು, ಅಂದರೆ ಉದ್ದದ ಎಳೆ, ಪೂರಾ ರೇಷ್ಮೆ. ಲೋಹ ಇರೋದು ಹೊಕ್ಕಿನಲ್ಲಿ, ಅಂದರೆ ಅಡ್ಡದ ಎಳೆಯಲ್ಲಿ ಮಾತ್ರ. ಹಾಗಾಗಿ ಒಂದೊಂದು ಹೊಕ್ಕೂ ಒಂದೊಂದು ವೈರು. ಆಮೇಲೆ 2015ರಲ್ಲಿ ಗೂಗಲ್‌ನವರು ಜಾಕಾರ್ಡ್ ಅನ್ನೋ ಹೆಸರಲ್ಲಿ ಇಂಥದ್ದೇ ಕೆಲಸ ಶುರು ಮಾಡಿದರು. 2017ರಲ್ಲಿ ಜೀನ್ಸ್ ಕಂಪನಿ ಲೀವೈಸ್ ಜೊತೆ ಸೇರಿ, ತೋಳಿನ ಮೇಲೆ ಬೆರಳು ಸವರಿದರೆ ಫೋನು ಮಾತು ಕೇಳುವ ಜಾಕೆಟ್ ತಂದರು. ನನ್ನ ಕಥೆ ಅಷ್ಟು ದೊಡ್ಡದಲ್ಲ. ಅದು ಶುರುವಾಗಿದ್ದು ದೊಡ್ಡಮ್ಮನ ಕಂಬಳಿಯಿಂದ.

ನಾನು ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು. ದೊಡ್ಡಮ್ಮ ಇರೋದು ಸಾಗರದ ಕಡೆ. ಸೊಂಟ ಮುರಿದುಕೊಂಡು ನಡುಮನೆಯಲ್ಲಿ ಮಲಗಿದ್ದರು. ಆಷಾಢದ ಮಳೆ ಹಂಚಿನ ಮೇಲೆ ಬೀಳುವಾಗ ಅವರು ಕರೆದದ್ದು ಅಡುಗೆಮನೆಗೆ ಕೇಳುತ್ತಿರಲಿಲ್ಲ. ಪೇಟೆಯಿಂದ ವೈರ್‌ಲೆಸ್ ಬೆಲ್ ತಂದುಕೊಟ್ಟೆ. ಬೆಂಕಿಪೊಟ್ಟಣದಷ್ಟು ರಿಮೋಟು ರಾತ್ರಿ ಹೊದಿಕೆಯೊಳಗೆ ಕಳೆದುಹೋಗುತ್ತಿತ್ತು. ಸಿಕ್ಕಿದರೂ ಗಂಟುಕಟ್ಟಿದ ಬೆರಳಿಗೆ ಆ ಪುಟ್ಟ ಗುಂಡಿ ಬಗ್ಗುತ್ತಿರಲಿಲ್ಲ. ಹೊದಿಕೆಯ ಅಂಚೇ ಗುಂಡಿಯಾದರೆ?

ಹೆಗ್ಗೋಡಿನ ಚರಕ ಅನ್ನೋ ನೇಕಾರ ಹೆಂಗಸರ ಸಂಘದಿಂದಾಗಿ ಆ ಸೀಮೆಗೆ ಕೈಮಗ್ಗ ಹೊಸದೇನಲ್ಲ. ಮನೆಯಲ್ಲೇ ಮಗ್ಗ ಇಟ್ಟುಕೊಂಡ ಅಕ್ಕ ಒಬ್ಬರ ಹತ್ತಿರ ಹೋದೆ. ಬೆಳ್ಳಿ ಲೇಪದ ನೈಲಾನ್ ನೂಲಿನ ಉಂಡೆ ನೋಡಿ, "ಇದೆಂತ ಮೇಷ್ಟ್ರೇ, ಬೂದಿ ಬಣ್ಣ?" ಅಂದರು. ಲಾಳಿಯೊಳಗಿನ ಕಂಡಿಕೆಗೆ ಸುತ್ತಿ ನೋಡಿ ಒಪ್ಪಿಕೊಂಡರು. ಅದಕ್ಕೂ ಮೊದಲು ತಂದಿದ್ದ ಸ್ಟೀಲ್ ನೂಲನ್ನು ಮಾತ್ರ ಬೈದು ಪಕ್ಕಕ್ಕಿಟ್ಟಿದ್ದರು. ಅದು ಸ್ಪ್ರಿಂಗಿನ ಹಾಗೆ ಎದ್ದೆದ್ದು ಬರುತ್ತೆ, ಬೆರಳಿಗೂ ಚುಚ್ಚುತ್ತೆ.

ಬಟ್ಟೆಯ ಸ್ವಿಚ್ಚು ಅಂದರೆ ಇಷ್ಟೇ: ಮೇಲೊಂದು ಕರೆಂಟು ಹರಿಯುವ ಪದರ, ಕೆಳಗೊಂದು, ನಡುವೆ ಹರಿಯದ್ದು. ಒತ್ತಿದರೆ ಮೇಲಿನದು ಕೆಳಗಿನದಕ್ಕೆ ತಾಗಬೇಕು, ಬಿಟ್ಟರೆ ದೂರವಾಗಬೇಕು. ನಾಲ್ಕು ಚೌಕಟ್ಟಿನ ಮಗ್ಗದಲ್ಲಿ ಇದನ್ನು ಒಂದೇ ಸಲಕ್ಕೆ ನೇಯಬಹುದು. ಚೌಕಟ್ಟು ಅಂದರೆ ಹಾಸಿನ ಎಳೆಗಳನ್ನು ಗುಂಪಾಗಿ ಎತ್ತಿ ಇಳಿಸೋದು. ಒಂದು, ಎರಡನೇ ಚೌಕಟ್ಟಿನಿಂದ ಮೇಲಿನ ಬಟ್ಟೆ. ಮೂರು, ನಾಲ್ಕರಿಂದ ಕೆಳಗಿನದು. ಕೆಳಗಿನದಕ್ಕೆ ಲಾಳಿ ಹಾಕುವಾಗ ಮೇಲಿನ ಹಾಸು ಪೂರ್ತಿ ಎತ್ತಿರಬೇಕು, ಅಷ್ಟೇ. ಅಂಚಿನಲ್ಲಿ ಎರಡೂ ಕೂಡಿಕೊಂಡು ಚೀಲದ ಹಾಗೆ ಆಗುತ್ತೆ. ಅಂಗೈ ಅಗಲದಷ್ಟು ಜಾಗಕ್ಕೆ ಹೊಕ್ಕಿನಲ್ಲಿ ಹತ್ತಿಯ ಬದಲು ಬೆಳ್ಳಿ ನೂಲು ಕೊಟ್ಟೆವು.

ತಾಗಿಸೋದು ಸುಲಭ. ತಾಗದ ಹಾಗೆ ಇಡೋದೇ ಕೆಲಸ. ನಡುವೆ ಮೊದಲು ಸೊಳ್ಳೆಪರದೆಯ ತುಂಡು ತೂರಿಸಿದೆ. ಕಣ್ಣು ತುಂಬಾ ಸಣ್ಣ. ನಾನು ಹೆಬ್ಬೆರಳು ಊರಿ ಒತ್ತಿದರೆ ಸದ್ದು ಬರುತ್ತಿತ್ತು, ದೊಡ್ಡಮ್ಮ ಒತ್ತಿದರೆ ಇಲ್ಲ. ಆಮೇಲೆ ಎರಡು ಮಿಲಿಮೀಟರ್ ದಪ್ಪದ ಫೆಲ್ಟ್, ಅಂದರೆ ನೇಯದೆ ಒತ್ತಿ ಮಾಡಿದ ಬಟ್ಟೆ, ತಂದು ರೂಪಾಯಿ ನಾಣ್ಯದಗಲ ತೂತು ಮಾಡಿದೆ. ಈ ಸಲ ಕಂಬಳಿ ಮಡಿಚಿದರೂ ಬೆಲ್ ಹೊಡೆಯಿತು! ತೂತು ದೊಡ್ಡದಾದಷ್ಟೂ ಸ್ವಿಚ್ಚು ಹಗುರ, ಸುಳ್ಳು ಕರೆಯೂ ಜಾಸ್ತಿ. ಫೆಲ್ಟ್ ದಪ್ಪವಾದಷ್ಟೂ ಇದರ ಉಲ್ಟಾ. ಕೊನೆಗೆ ಕಿರುಬೆರಳ ಉಗುರಿನಷ್ಟಗಲದ ತೂತುಗಳನ್ನು ಸಾಲಾಗಿ ಮಾಡಿದ ಮೇಲೆ ಹದ ಸಿಕ್ಕಿತು. ಲೆಕ್ಕದಲ್ಲಿ ಸಿಕ್ಕ ಹದ ಅಲ್ಲ ಇದು. ದೊಡ್ಡಮ್ಮನ ಬೆರಳಿಗೆ ಕೊಟ್ಟು ಕೊಟ್ಟು ಸಿಕ್ಕಿದ್ದು.

ಎರಡನೇ ಪೆಟ್ಟು ಬಿದ್ದದ್ದು ನಾನು ದಿನಾ ಪಾಠ ಮಾಡುವ ಓಮ್‌ನ ನಿಯಮದಿಂದಲೇ: ಕರೆಂಟನ್ನು ದಾರಿಯ ತಡೆಯಿಂದ ಗುಣಿಸಿದರೆ ಅಲ್ಲಿ ಖರ್ಚಾಗುವ ವೋಲ್ಟ್. ರಿಮೋಟು ಬಿಚ್ಚಿ, ಅದರ ಗುಂಡಿಯ ಎರಡು ಕಾಲಿಗೆ ನಮ್ಮ ನೂಲು ಜೋಡಿಸಿದ್ದೆ. ಬೆಲ್ ಕಮಕ್ ಕಿಮಕ್ ಅನ್ನಲಿಲ್ಲ. ಇಂಥ ಎಷ್ಟೋ ರಿಮೋಟುಗಳಲ್ಲಿ ಗುಂಡಿಯ ಮೂಲಕವೇ ಪೂರ್ತಿ ಕರೆಂಟು ಹೋಗುತ್ತೆ. ನನ್ನದರಲ್ಲಿ ಅದು 10 ಮಿಲಿಆಂಪ್. ನೂಲಿನ ತಡೆ ಮೀಟರಿಗೆ 100 ಓಮ್. ಹೋಗೋಕೊಂದು ಮೀಟರ್, ಬರೋಕೊಂದು, ಒಟ್ಟು 200 ಓಮ್. ಮೂರು ವೋಲ್ಟಿನ ಸೆಲ್‌ನಲ್ಲಿ ಎರಡು ವೋಲ್ಟ್ ದಾರಿಯಲ್ಲೇ ಖರ್ಚು! ಪರಿಹಾರ ಮಗ್ಗದಲ್ಲೇ ಇತ್ತು. ಹಾಸಿನಲ್ಲಿ ಒಂದರ ಬದಲು ಹತ್ತು ಬೆಳ್ಳಿ ಎಳೆ ಪಕ್ಕಪಕ್ಕ ಹಾಕಿದೆವು. ಹತ್ತು ದಾರಿ ಸೇರಿದರೆ 100 ಓಮ್ ಹತ್ತಕ್ಕಿಳಿಯುತ್ತೆ. ದಾರಿಖರ್ಚು 0.2 ವೋಲ್ಟ್‌ಗೆ ಬಂತು. ಈ ಹಾಸಿನ ಎಳೆ ಬೆಳ್ಳಿ ಹೊಕ್ಕನ್ನು ದಾಟುವ ಕಡೆಯೆಲ್ಲ ತಾನಾಗಿ ಜೋಡಣೆ ಆಗುತ್ತೆ, ಬೆಸುಗೆ ಬೇಡ. ಬೆಸುಗೆ ಹಾಕಹೋದರೆ ನೈಲಾನ್ ಕರಗುತ್ತೆ ಅನ್ನೋದು ಬೇರೆ ಮಾತು. ಮೇಲಿನ ಪದರದ ಹತ್ತು ಎಳೆ ಎಡಕ್ಕೆ, ಕೆಳಗಿನದ್ದು ಬಲಕ್ಕೆ. ಒಂದರ ಮೇಲೊಂದು ಬಂದರೆ ದಾರಿಯುದ್ದಕ್ಕೂ ತಾಗುವ ಭಯ.

ಬಟ್ಟೆ ಮುಗಿದು ವೈರು ಶುರುವಾಗುವ ಜಾಗಕ್ಕೆ ಟಿಚ್ ಬಟನ್ ಹಾಕಿದ್ದೇವೆ, ಹಿತ್ತಾಳೆಯದು. ಒಗೆಯುವಾಗ ಟಕ್ಕಂತ ಬಿಚ್ಚಬಹುದು. ಕತ್ತರಿಸಿದ ತುದಿಯಲ್ಲಿ ಕೂದಲಿನಂಥ ಎಳೆ ಒಂದು ಹೊರಬಂದರೂ ಎಡಬಲ ತಾಗಿಸಿಬಿಡುತ್ತೆ. ಅದಕ್ಕೆ ತುದಿಗೆ ಬಟ್ಟೆ ಅಂಟು ಸವರಲೇಬೇಕು.

ಮುಟ್ಟಿದರೆ ಸಾಕು ಅನ್ನುವ, ಮೊಬೈಲ್ ಪರದೆಯಂಥ ಸ್ವಿಚ್ಚು ಯಾಕೆ ಮಾಡಲಿಲ್ಲ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಮಾಡಿದ್ದೆ. ಅದಕ್ಕೆ ಒಂದೇ ಪದರ ಸಾಕು, ನೇಯೋದೂ ಸುಲಭ. ಶಿವಮೊಗ್ಗದ ಲ್ಯಾಬಿನಲ್ಲಿ ಚೆಂದ ಕೆಲಸ ಮಾಡಿತು. ಘಟ್ಟದ ಮನೆಯಲ್ಲಿ ಜುಲೈ ತಿಂಗಳಲ್ಲಿ ಒಣಗಿದ ಬಟ್ಟೆ ಅನ್ನೋದೇ ಇಲ್ಲ, ಅಲ್ವಾ? ಬಚ್ಚಲ ಒಲೆ ಮೇಲೆ ಕಾಯಿಸಿ ತಂದ ಕಂಬಳಿಯೂ ಅರ್ಧ ಗಂಟೆಗೆ ಥಂಡಿ ಹಿಡಿಯುತ್ತೆ. ಆ ತೇವವನ್ನೇ ಅದು ಬೆರಳು ಅಂದುಕೊಂಡಿತು.

ಮೂರು ತಿಂಗಳು ನಡೆದ ಮೇಲೆ ಒತ್ತುವ ಸ್ವಿಚ್ಚೂ ಮಂಕಾಯಿತು. ಬಿಚ್ಚಿ ನೋಡಿದರೆ ಬೆಳ್ಳಿ ಜಾಗ ಕಪ್ಪು, ಅದೂ ಒಂದೇ ಕಡೆ, ದುಂಡಗೆ. ಮಳೆಯನ್ನು ಬೈದೆ. ತಪ್ಪು ಮಳೆಯದ್ದಲ್ಲ. ದೊಡ್ಡಮ್ಮ ದಿನಾ ರಾತ್ರಿ ಮಂಡಿನೋವಿಗೆ ರಬ್ಬರಿನ ಬಿಸಿನೀರ ಚೀಲ ಇಟ್ಟುಕೊಳ್ಳುತ್ತಿದ್ದರು, ತಣಿದ ಮೇಲೆ ಕಂಬಳಿ ಅಂಚಿಗೆ ಸರಿಸುತ್ತಿದ್ದರು. ರಬ್ಬರನ್ನು ಹದ ಮಾಡುವಾಗ ಗಂಧಕ ಬೆರೆಸಿರುತ್ತಾರೆ. ಗಂಧಕ ಬೆಳ್ಳಿಗೆ ಸೋಕಿದರೆ ಕಪ್ಪು. ಬೆಳ್ಳಿ ಕುಂಕುಮದ ಭರಣಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟವರಿಗೆ ಇದು ಗೊತ್ತು. "ಚೀಲ ಇಟ್ಟಾಗೆಲ್ಲ ಬೆಲ್ ಹೊಡೆದುಕೊಳ್ತಿತ್ತಲ್ಲ, ನಂಗೆ ಆಗ್ಲೇ ಅನುಮಾನ ಇತ್ತು ಮಾರಾಯ," ಅಂದರು ದೊಡ್ಡಮ್ಮ. ನನಗೆ ಮಾತ್ರ ಯಾರೂ ಹೇಳಿರಲಿಲ್ಲ.

ಈಗ ನಡೆಯುತ್ತಿರುವುದು ಮೂರನೇ ತುಂಡು. ಚೀಲಕ್ಕೆ ಅಕ್ಕ ಹತ್ತಿಬಟ್ಟೆಯ ಗವಸು ಹೊಲಿದುಕೊಟ್ಟಿದ್ದಾರೆ. ಬೆಲ್ಲನ್ನೂ ಬದಲಿಸಿ ಸೆಲ್ ಹಾಕುವಂಥದ್ದು ತಂದೆ, ಕರೆಂಟು ಹೋದಾಗಲೇ ಅದರ ಅಗತ್ಯ ಜಾಸ್ತಿ. ಬ್ಲೀಚ್ ಇರುವ ಸೋಪಿನಪುಡಿ ಬೆಳ್ಳಿ ನೂಲಿಗೆ ಆಗಿಬರೋದಿಲ್ಲ, ತಣ್ಣೀರಲ್ಲಿ ಕೈಯಿಂದ ಹಿಂಡದೆ ಒಗೆಯಬೇಕು.

ಮಾಡಿ ನೋಡುವ ಆಸೆ ಇದ್ದರೆ ಮಗ್ಗ ಹುಡುಕಬೇಕಾಗಿಲ್ಲ. ಹಳೆ ಬಟ್ಟೆಯ ಎರಡು ತುಂಡಿಗೆ ಬೆಳ್ಳಿ ನೂಲಲ್ಲಿ ಒತ್ತಾಗಿ ಕಸೂತಿ ಹಾಕಿ, ನಡುವೆ ತೂತಿನ ಫೆಲ್ಟ್ ಇಟ್ಟು, ಸುತ್ತ ಹೊಲಿಯಿರಿ. ಮೂರು ವೋಲ್ಟಿನ ಬಿಲ್ಲೆ ಸೆಲ್, ಒಂದು ಕೆಂಪು ಎಲ್‌ಇಡಿ ಸಾಕು. ಮನೆಯ 230 ವೋಲ್ಟಿನ ಹತ್ತಿರ ಮಾತ್ರ ಈ ಬಟ್ಟೆ ಒಯ್ಯಬೇಡಿ, ಎಷ್ಟೇ ಧೈರ್ಯ ಇದ್ದರೂ. ಮತ್ತೆ, ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ಖುಷಿಪಡಬೇಡಿ. ಮಳೆ ಹಿಡಿದು ಹದಿನೈದು ದಿನ ಆದ ಮೇಲೆ ಇನ್ನೊಮ್ಮೆ ಒತ್ತಿ ನೋಡಿ.