ಸಕ್ಕರೆ ಒಂದೇ ಆದರೆ ಗುಣವೂ ಒಂದೇನಾ?

ಪ್ರಶ್ನೆ: ಔಷಧಿ ಆರ್ಕಿಡ್‌ಗಳ ಲೋಳೆಯಲ್ಲಿ ಇರುವುದು ಹೆಚ್ಚಾಗಿ ಒಂದೆರಡು ಬಗೆಯ ಸಕ್ಕರೆ ಅಂತ ಓದಿದೆ. ಹಾಗಾದರೆ ಎಲ್ಲವೂ ಉರಿಯೂತವನ್ನು ಒಂದೇ ಥರ ತಗ್ಗಿಸಬೇಕಲ್ವಾ?

ಇಲ್ಲ. ಅನ್ನವನ್ನೂ ಹತ್ತಿಯನ್ನೂ ನೋಡಿ. ಎರಡೂ ಗ್ಲೂಕೋಸ್‌ನ ಉದ್ದ ಸರಗಳೇ. ಅನ್ನದಲ್ಲಿ ಸಕ್ಕರೆಗಳನ್ನು ಹಿಡಿದಿರುವುದು ಆಲ್ಫಾ ಕೊಂಡಿ, ಹತ್ತಿಯಲ್ಲಿ ಬೀಟಾ ಕೊಂಡಿ. ಅದೊಂದರಿಂದಲೇ ಅನ್ನ ನಮಗೆ ಅರಗುತ್ತದೆ, ಹತ್ತಿ ಅರಗುವುದಿಲ್ಲ. ಯಾವ ಸಕ್ಕರೆ ಅನ್ನುವಷ್ಟೇ ಮುಖ್ಯ, ಅದನ್ನು ಹೇಗೆ ಪೋಣಿಸಿದೆ ಅನ್ನುವುದು.

ಚೀನಾದ ಔಷಧಿ ಆರ್ಕಿಡ್‌ಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಡೆಂಡ್ರೋಬಿಯಂ ಅಫಿಸಿನೇಲ್‌ನ ಕಾಂಡ ಜಗಿದರೆ ಬಸಳೆಯಂತೆ ಲೋಳೆ. ಅದು ಗ್ಲೂಕೋಮನ್ನಾನ್: ಮ್ಯಾನೋಸ್ ಎಂಬ ಸಕ್ಕರೆ ಜಾಸ್ತಿ, ನಡುನಡುವೆ ಗ್ಲೂಕೋಸ್, ಎಲ್ಲ ಬೀಟಾ ಕೊಂಡಿ. ಚೀನಾದ ಔಷಧ ಸಂಹಿತೆ 2010ರಲ್ಲಿ ಈ ಗಿಡವನ್ನು ಉಳಿದ ಡೆಂಡ್ರೋಬಿಯಂಗಳಿಂದ ಬೇರೆ ಮಾಡಿತು. ಒಣಗಿದ ಕಾಂಡದಲ್ಲಿ ಪಾಲಿಸ್ಯಾಕರೈಡ್ (ಸಕ್ಕರೆಗಳ ಉದ್ದ ಸರ) ಕನಿಷ್ಠ 25%, ಮ್ಯಾನೋಸ್ 13ರಿಂದ 38% ಇರಬೇಕು ಎಂದಿತು. ಬ್ಲೆಟಿಲ್ಲಾ ಸ್ಟ್ರಯಾಟಾ ಎಂಬ ಇನ್ನೊಂದು ಆರ್ಕಿಡ್‌ನ ಗೆಡ್ಡೆಯಲ್ಲಿರುವುದೂ ಗ್ಲೂಕೋಮನ್ನಾನೇ. ಗ್ಯಾಸ್ಟ್ರೋಡಿಯಾ ಮಾತ್ರ ಬೇರೆಯೇ ದಾರಿ ಹಿಡಿದಿದೆ. ಹಸಿರೇ ಇಲ್ಲದ, ಅಣಬೆಯ ಜೊತೆ ಬದುಕುವ ಈ ಗಿಡದ ಗೆಡ್ಡೆಯಿಂದ ಹೆಚ್ಚಾಗಿ ಸಿಗುವುದು ಆಲ್ಫಾ ಕೊಂಡಿಯ ಗ್ಲೂಕಾನ್, ಅಂದರೆ ಗ್ಲೂಕೋಸ್‌ನ ಸರ. ಹಾಗಾಗಿ ಅದು ಅನ್ನದ ಪಿಷ್ಟಕ್ಕೆ ಹತ್ತಿರ.

ನನಗೆ ಅತ್ಯಂತ ಕುತೂಹಲ ಹುಟ್ಟಿಸುವುದು ಅಸಿಟೈಲ್ ಗುಂಪುಗಳು ಎಂಬ ಪುಟ್ಟ ರಾಸಾಯನಿಕ ತುಣುಕುಗಳು. ಡೆಂಡ್ರೋಬಿಯಂನ ಕೆಲವು ಮ್ಯಾನೋಸ್‌ಗಳಿಗೆ ಇವು ಸಣ್ಣ ಮೊಗ್ಗುಗಳಂತೆ ಅಂಟಿಕೊಂಡಿರುತ್ತವೆ. ಸರಗಳು ಒಂದಕ್ಕೊಂದು ಒತ್ತಿ ಕೂರದಂತೆ ತಡೆಯುವುದು ಇವೇ. ಹಾಗಾಗಿ ಲೋಳೆ ನೀರಿನಲ್ಲಿ ಕರಗುತ್ತದೆ. ಸುಣ್ಣದಂಥ ಕ್ಷಾರ ತಗುಲಿದರೆ ಅಸಿಟೈಲ್ ಉದುರಿಹೋಗುತ್ತದೆ. ಸಕ್ಕರೆಗಳ ಲೆಕ್ಕ ಹಾಗೇ ಇರುತ್ತದೆ, ಆದರೆ ಸರದ ಆಕಾರ ಬದಲಾಗಿರುತ್ತದೆ. ನಮ್ಮ ರಕ್ಷಣಾ ಕೋಶ ಮುಟ್ಟಿ ಗುರುತಿಸುವುದು ಆ ಆಕಾರವನ್ನೇ ಅಲ್ವಾ? ಒಂದೇ ಗಿಡದ ಸಾರವಾದರೂ ಅದನ್ನು ಹೇಗೆ ತೆಗೆದರು ಅನ್ನುವುದು ಅದಕ್ಕೇ ಮುಖ್ಯ.

ಇನ್ನು ಉರಿಯೂತದ ಪರೀಕ್ಷೆ. ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳಿಗೆ ಬ್ಯಾಕ್ಟೀರಿಯಾದ ಹೊರಪೊರೆಯ ಎಲ್‌ಪಿಎಸ್ ಎಂಬ ವಸ್ತು ಹಾಕಿ ಕೆರಳಿಸುತ್ತಾರೆ. ಲೋಳೆಯ ಸಾರ ಕೊಟ್ಟಾಗ ಟಿಎನ್‌ಎಫ್-ಆಲ್ಫಾದಂಥ ಉರಿಯೂತದ ಸಂದೇಶಗಳು ಎಷ್ಟು ಇಳಿದವು ಅಂತ ಅಳೆಯುತ್ತಾರೆ. ಇಲ್ಲಿ ಒಂದು ಮಾತು ಗಮನಿಸಬೇಕು. ಕೆರಳಿದ ಕೋಶದಲ್ಲಿ ಟಿಎನ್‌ಎಫ್ ಇಳಿಸುವ ಲೋಳೆಯೇ, ಸುಮ್ಮನಿದ್ದ ಕೋಶದಲ್ಲಿ ಅದನ್ನು ಏರಿಸಬಹುದು. ಎರಡನ್ನೂ ಅಳೆದಿದ್ದಾರೋ ನೋಡಿ. ಸಾರದಲ್ಲೇ ಎಲ್‌ಪಿಎಸ್ ಕಲೆತಿದ್ದರಂತೂ ಲೆಕ್ಕ ಪೂರಾ ತಪ್ಪುತ್ತದೆ. ಆ ತಪಾಸಣೆ ಮಾಡದ ವರದಿಯನ್ನು ನಾನು ನಂಬುವುದಿಲ್ಲ.

ಇಂಥ ಸರಗಳ ಬೀಟಾ ಕೊಂಡಿ ಒಡೆಯುವ ಕಿಣ್ವ ನಮ್ಮ ಹೊಟ್ಟೆಯಲ್ಲಿಲ್ಲ. ಹಾಗಾಗಿ ಗ್ಲೂಕೋಮನ್ನಾನ್ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅವು ಅದನ್ನು ಬ್ಯುಟಿರೇಟ್‌ನಂಥ ಸಣ್ಣ ಆಮ್ಲಗಳಾಗಿ ಮಾಡುತ್ತವೆ. ತಿಂದಾಗ ಆಗುವ ಪರಿಣಾಮದಲ್ಲಿ ಈ ಆಮ್ಲಗಳ ಪಾಲೂ ಇರಬಹುದು. ಗಾಜಿನ ತಟ್ಟೆಯ ಕೋಶಗಳಲ್ಲಿ ಇದು ಕಾಣುವುದೇ ಇಲ್ಲ.

ಹಾಗಾಗಿ ಡೆಂಡ್ರೋಬಿಯಂ ಬಗ್ಗೆ ಓದಿದ್ದನ್ನು ನಮ್ಮ ಮಲೆನಾಡಿನ ಸೀತಾಳೆ ದಂಡೆಗೆ ಹೊಂದಿಸಬೇಡಿ. ಅದೂ ಆರ್ಕಿಡ್ಡೇ, ಆದರೆ ಅದರ ಸರವನ್ನು ಬೇರೆಯಾಗಿಯೇ ಬಿಡಿಸಿ ನೋಡಬೇಕು.